ಆಫರ್‌ನಲ್ಲಿ ಲ್ಯಾಪ್‌ಟಾಪ್ ತಗೊಳ್ತಿದ್ದೀರಾ? ಅಂಗಡಿ ಕೆಲಸಕ್ಕೆ ಯಾವುದು ಆಗುತ್ತೆ, ಯಾವುದು ಕೈ ಕೊಡುತ್ತೆ

ತಿಪಟೂರು: ಹಬ್ಬದ ಆಫರ್ ಶುರುವಾಯ್ತು ಅಂದ್ರೆ ವ್ಯಾಪಾರಿಗಳ ವಾಟ್ಸಾಪ್ ಗ್ರೂಪಿನಲ್ಲಿ ಕೊಬ್ಬರಿ ರೇಟಿನ ಜೊತೆಗೆ ಲ್ಯಾಪ್‌ಟಾಪ್ ಲಿಂಕುಗಳೂ ಓಡಾಡೋಕೆ ಶುರು. ‘ಎಪ್ಪತ್ತೆಂಟು ಸಾವಿರದ್ದು ನಲವತ್ತೊಂಬತ್ತಕ್ಕೆ, ಇವತ್ತು ರಾತ್ರಿ ಹನ್ನೆರಡರ ತನಕ ಮಾತ್ರ’ ಅಂತ ಒಬ್ಬರು ಹಾಕ್ತಾರೆ, ‘ಚೆನ್ನಾಗಿದೆಯಾ?’ ಅಂತ ನಾಲ್ಕು ಜನ ಕೇಳ್ತಾರೆ. ಉತ್ತರ ಬರೋದರೊಳಗೆ ಇನ್ನಿಬ್ಬರು ಆರ್ಡರ್ ಮಾಡಿರ್ತಾರೆ.

ಈ ಸಲ ಅವಸರಕ್ಕೆ ಇನ್ನೊಂದು ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಂಟು ಹತ್ತು ವರ್ಷದ ಹಿಂದೆ ತಂದ ಕಂಪ್ಯೂಟರಿನಲ್ಲೇ ಟ್ಯಾಲಿ, ಜಿಎಸ್‌ಟಿ ರಿಟರ್ನ್, ಇ-ವೇ ಬಿಲ್, ಬ್ಯಾಂಕ್ ವ್ಯವಹಾರ ಎಲ್ಲ ನಡೆಸುತ್ತಿರೋ ಅಂಗಡಿಗಳು ತಾಲ್ಲೂಕಿನಲ್ಲಿ ಕಡಿಮೆ ಏನಿಲ್ಲ. ಹಳೇ ಮಷೀನ್ ಓಡುತ್ತೆ ನಿಜ. ಆದ್ರೆ ಬ್ಯಾಂಕ್ ಲಾಗಿನ್ ಇರೋ ಮಷೀನ್ ಅಪ್‌ಡೇಟ್ ಇಲ್ಲದೆ ಓಡೋದು, ಅಂಗಡಿ ಶಟರ್ ಎಳೆದು ಬೀಗ ಹಾಕದೆ ಮನೆಗೆ ಹೋದ ಹಾಗೆ.

ಹಾಗಾಗಿ 45 ರಿಂದ 60 ಸಾವಿರದ ಆಸುಪಾಸಿನಲ್ಲಿ ಅಂಗಡಿಗೊಂದು ಲ್ಯಾಪ್‌ಟಾಪ್ ಬೇಕು ಅನ್ನೋರು ಏನೇನು ನೋಡಬೇಕು ಅನ್ನೋದು ಇಲ್ಲಿದೆ.

ಎಷ್ಟು ಪರ್ಸೆಂಟ್ ಕಡಿಮೆ ಅನ್ನೋದನ್ನು ಮರೆತುಬಿಡಿ

ಡಿಸ್ಕೌಂಟ್ ಲೆಕ್ಕ ಹಾಕೋದು ಎಂಆರ್‌ಪಿ ಮೇಲೆ. ಲ್ಯಾಪ್‌ಟಾಪನ್ನು ಎಂಆರ್‌ಪಿ ಕೊಟ್ಟು ತಗೊಳ್ಳೋರು ವರ್ಷದ ಯಾವ ದಿನವೂ ಇರಲ್ಲ. ಎಪ್ಪತ್ತೆಂಟು ಸಾವಿರ ಅಂತ ಅಡ್ಡಗೆರೆ ಎಳೆದ ಮಾಲು ಹಬ್ಬ ಇಲ್ಲದ ತಿಂಗಳಲ್ಲೂ ಐವತ್ತೆರಡಕ್ಕೆ ಸಿಗ್ತಿದ್ರೆ, ನಿಜವಾದ ಉಳಿತಾಯ ಮೂರು ಸಾವಿರ ಅಷ್ಟೆ, ಇಪ್ಪತ್ತೊಂಬತ್ತಲ್ಲ. ಹಿಂದಿನ ತಿಂಗಳುಗಳ ಬೆಲೆ ತೋರಿಸೋ ವೆಬ್‌ಸೈಟುಗಳು ಇವೆ; ಲಿಂಕ್ ಹಾಕಿದ್ರೆ ಗ್ರಾಫ್ ಬರುತ್ತೆ. ಅದನ್ನೊಮ್ಮೆ ನೋಡಿದ್ರೆ ರಾತ್ರಿ ಹನ್ನೆರಡರ ಭಯ ತಾನಾಗೇ ಇಳಿಯುತ್ತೆ.

‘ನೋ ಕಾಸ್ಟ್ ಇಎಂಐ’ ಕೂಡ ಪೂರ್ತಿ ಪುಕ್ಕಟೆ ಅಲ್ಲ. ಬಡ್ಡಿಯಷ್ಟು ಮೊತ್ತವನ್ನು ಮೊದಲೇ ಬೆಲೆಯಲ್ಲಿ ಇಳಿಸಿ, ಆಮೇಲೆ ಬ್ಯಾಂಕು ಬಡ್ಡಿ ಹಾಕುತ್ತೆ. ಆ ಬಡ್ಡಿ ಮೇಲಿನ 18% ಜಿಎಸ್‌ಟಿ, ಜೊತೆಗೆ ಪ್ರೊಸೆಸಿಂಗ್ ಫೀ, ಕೊಳ್ಳೋರ ತಲೆ ಮೇಲೆ. ಐವತ್ತು ಸಾವಿರಕ್ಕೆ ಆರು ತಿಂಗಳು, 15% ಬಡ್ಡಿ ಅಂತ ಇಟ್ಕೊಂಡ್ರೆ ಬಡ್ಡಿ ಸುಮಾರು 2,200 ಆಗುತ್ತೆ, ಅದರ ಮೇಲಿನ ತೆರಿಗೆ ಸುಮಾರು 400. ದೊಡ್ಡ ಮೊತ್ತ ಏನಲ್ಲ, ಆದ್ರೆ ಸೊನ್ನೆಯೂ ಅಲ್ಲ. ಸೊನ್ನೆ ಬಡ್ಡಿ ಅನ್ನೋದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು.

ಪ್ರೊಸೆಸರ್: ಹೆಸರಲ್ಲ, ನಂಬರ್ ಓದಿ

‘ಐ5 ಇದೆ’ ಅಂದ ಕೂಡಲೇ ಒಪ್ಪಿಕೊಳ್ಳೋದು ‘ಹೋಂಡಾ ಗಾಡಿ ಇದೆ’ ಅಂದ ಕೂಡಲೇ ದುಡ್ಡು ಕೊಟ್ಟ ಹಾಗೆ. ಯಾವ ವರ್ಷದ್ದು ಅಂತ ಕೇಳಬೇಡವೇ? ಇಂಟೆಲ್‌ನಲ್ಲಿ ಐ5 ಪಕ್ಕದ ಅಂಕಿಯಲ್ಲಿ ಅದು ಗೊತ್ತಾಗುತ್ತೆ. ಐ5-1235ಯು ಅಂದ್ರೆ 12ನೇ ತಲೆಮಾರು, ಐ5-1335ಯು ಅಂದ್ರೆ 13ನೇದು. ಕೊನೆಯ ‘ಯು’ ಅಂದ್ರೆ ಕಡಿಮೆ ಕರೆಂಟ್ ತಿನ್ನೋದು. ‘ಎಚ್’ ಅಂದ್ರೆ ಜೋರಾಗಿ ಓಡೋದು, ಬಿಸಿಯಾಗೋದು, ಬ್ಯಾಟರಿ ಬೇಗ ಇಳಿಸೋದು. ಬಿಲ್ ಹಾಕೋ ಟೇಬಲ್ಲಿಗೆ ‘ಯು’ ಸಾಕು. ಈಗೀಗ ಇಂಟೆಲ್ ‘ಐ’ ಅಕ್ಷರ ತೆಗೆದು ‘ಕೋರ್ 5 120ಯು’ ಅಂತೆಲ್ಲ ಹೆಸರಿಡ್ತಿದೆ. ಹೆಸರು ಹೊಸದು, ಒಳಗಿನ ವಿನ್ಯಾಸ ಬಹುಪಾಲು 13ನೇ ತಲೆಮಾರಿನದ್ದೇ. ಕೆಟ್ಟದ್ದಲ್ಲ, ಆದ್ರೆ ‘ಹೊಸ ಚಿಪ್’ ಅಂತ ಹೆಚ್ಚಿಗೆ ಕೊಡಬೇಕಿಲ್ಲ.

ಹೆಚ್ಚು ಜನ ಎಡವೋದು ಎಎಂಡಿ ರೈಜನ್ ವಿಷಯದಲ್ಲಿ. ರೈಜನ್ 5 7520ಯು ಮತ್ತು ರೈಜನ್ 5 7530ಯು, ಎರಡಕ್ಕೂ ಒಂದೇ ಒಂದು ಅಂಕಿ ವ್ಯತ್ಯಾಸ. 7000 ಸರಣಿಯಲ್ಲಿ ಮೂರನೇ ಅಂಕಿ ವಿನ್ಯಾಸ ಎಷ್ಟು ಹಳೇದು ಅನ್ನೋದನ್ನು ಹೇಳುತ್ತೆ. 2 ಇದ್ರೆ ಅದು 2019ರಲ್ಲಿ ಬಂದ ಝೆನ್ 2, 3 ಇದ್ರೆ ಝೆನ್ 3, 4 ಇದ್ರೆ ಝೆನ್ 4. 7520ಯು ಒಳಗಿರೋದು 4 ಕೋರ್, 7530ಯು ಒಳಗೆ 6. ಆಫರ್ ಪುಟದಲ್ಲಿ ಎರಡೂ ಅಕ್ಕಪಕ್ಕ ‘ರೈಜನ್ 5, ಹೊಸ 7000 ಸರಣಿ’ ಅಂತಲೇ ಕೂತಿರುತ್ತವೆ. ಸಾಲದ್ದಕ್ಕೆ 7520ಯು ಇರೋ ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುತ್ತೆ, ಮುಂದೆ ಹೆಚ್ಚಿಸೋಕೆ ಆಗಲ್ಲ.

ಸೆಲೆರಾನ್, ಎನ್100 ಥರದ ಚಿಪ್ಪುಗಳನ್ನು ಈ ಬಜೆಟ್ಟಿನಲ್ಲಿ ನೋಡೋದೇ ಬೇಡ. ಬರೀ ಟ್ಯಾಲಿ ಮತ್ತು ಬ್ರೌಸರ್ ಸಾಕು ಅನ್ನೋರಿಗೆ ಐ3-1215ಯು ಕೂಡ ಧಾರಾಳ. ಉಳಿದ ದುಡ್ಡು ರ‍್ಯಾಮ್‌ಗೆ ಹಾಕೋದು ಜಾಣತನ.

ರ‍್ಯಾಮ್‌ನಲ್ಲಿ ಜಿಪುಣತನ ಬೇಡ

8 ಜಿಬಿ ರ‍್ಯಾಮ್‌ನಲ್ಲಿ ವಿಂಡೋಸ್ 11 ತಾನೇ ಮೂರ್ನಾಲ್ಕು ಜಿಬಿ ಹಿಡಿದು ಕೂರುತ್ತೆ. ಅದರ ಮೇಲೆ ಟ್ಯಾಲಿ, ವಾಟ್ಸಾಪ್ ವೆಬ್, ಜಿಎಸ್‌ಟಿ ಪೋರ್ಟಲ್, ಬ್ಯಾಂಕ್ ಪುಟ, ಆಡಿಟರ್ ಆಫೀಸಿನೋರು ದೂರದಿಂದ ನೋಡೋ ಎನಿಡೆಸ್ಕ್. ತಿಂಗಳ 20ನೇ ತಾರೀಕು ರಿಟರ್ನ್ ಹಾಕೋ ಹೊತ್ತಿಗೆ ಮಷೀನ್ ತೆವಳೋದು ಇದಕ್ಕೇ. 16 ಜಿಬಿ ಇರಲಿ. ‘ಈಗ 8 ತಗೊಳ್ಳಿ, ಆಮೇಲೆ ಹಾಕಿಸೋಣ’ ಅನ್ನೋ ಮಾತು ಮೊದಲು ಸರಿ ಇತ್ತು. ಆದ್ರೆ 2025ರ ಕೊನೆಯಿಂದ ಮೆಮೊರಿ ಚಿಪ್ಪಿನ ಬೆಲೆ ಜಗತ್ತಿನಾದ್ಯಂತ ಏರಿದೆ, ಆಮೇಲೆ ಅನ್ನೋದು ದುಬಾರಿಯಾಗಬಹುದು. ಮತ್ತೂ 8ಕ್ಕೇ ಹೋಗೋದಾದ್ರೆ ಖಾಲಿ ಸ್ಲಾಟ್ ಇದೆಯಾ ಅಂತ ಕಂಪನಿ ವೆಬ್‌ಸೈಟಿನಲ್ಲೇ ನೋಡಿ, ಮಾರೋರ ಬಾಯಿಮಾತು ಬೇಡ.

ಎಸ್‌ಎಸ್‌ಡಿ 512 ಜಿಬಿ, ಎನ್‌ವಿಎಂಇ. ಇಎಂಎಂಸಿ ಅಂತಿದ್ರೆ ಬಿಟ್ಟುಬಿಡಿ.

‘ಬಿಸಿನೆಸ್’ ಅಂತ ಬರೆದಿದ್ದೆಲ್ಲ ಬಿಸಿನೆಸ್ ಅಲ್ಲ

ಕಂಪನಿಗಳು ಮನೆಗೆ ಅಂತ ಮಾಡೋ ಸಾಲು ಬೇರೆ, ಆಫೀಸಿಗೆ ಅಂತ ಮಾಡೋ ಸಾಲು ಬೇರೆ. ಲೆನೊವೊದಲ್ಲಿ ಐಡಿಯಾಪ್ಯಾಡ್ ಮನೆಗೆ, ಥಿಂಕ್‌ಬುಕ್ ಮತ್ತು ಥಿಂಕ್‌ಪ್ಯಾಡ್ ಕೆಲಸಕ್ಕೆ. ಎಚ್‌ಪಿಯಲ್ಲಿ ಪೆವಿಲಿಯನ್ ಮನೆಗೆ, ಪ್ರೊಬುಕ್ ಕೆಲಸಕ್ಕೆ. ಆಸುಸ್‌ನಲ್ಲಿ ವಿವೊಬುಕ್ ಮನೆಗೆ, ಎಕ್ಸ್‌ಪರ್ಟ್‌ಬುಕ್ ಕೆಲಸಕ್ಕೆ. ಏಸರ್‌ನಲ್ಲಿ ಆಸ್ಪೈರ್, ಟ್ರಾವೆಲ್‌ಮೇಟ್. ಡೆಲ್‌ನೋರು 2025ರಲ್ಲಿ ಇನ್‌ಸ್ಪಿರಾನ್, ಲ್ಯಾಟಿಟ್ಯೂಡ್ ಹೆಸರುಗಳನ್ನೇ ಕೈಬಿಟ್ಟು ಬರೀ ‘ಡೆಲ್’, ‘ಡೆಲ್ ಪ್ರೊ’ ಅಂತ ಮಾಡಿಕೊಂಡಿದ್ದಾರೆ. ಅಂಗಡಿಗಳಲ್ಲಿ ಹಳೇ ಹೆಸರಿನ ಸ್ಟಾಕೂ ಇರಬಹುದು.

ಕೆಲಸದ ಸಾಲಿನಲ್ಲಿ ಸಾಮಾನ್ಯವಾಗಿ ಕೀಬೋರ್ಡ್, ಹಿಂಜ್ ಗಟ್ಟಿ ಇರುತ್ತವೆ. ಬಿಚ್ಚಿ ರ‍್ಯಾಮ್, ಬ್ಯಾಟರಿ ಬದಲಿಸೋದು ಸುಲಭ, ಲ್ಯಾನ್ ವೈರ್ ಸಿಕ್ಕಿಸೋ ಜಾಗವೂ ಬಹಳಷ್ಟರಲ್ಲಿ ಇರುತ್ತೆ. ನೋಡೋಕೆ ಮಾತ್ರ ಕಪ್ಪು ಇಟ್ಟಿಗೆ ಥರ. ಹುಡುಗರಿಗೆ ಇಷ್ಟವಾಗಲ್ಲ, ಅಂಗಡಿಗೆ ಅದೇ ಸರಿ.

ಇಲ್ಲೊಂದು ತೊಡಕಿದೆ. ಬಿಸಿನೆಸ್ ಮಾಡೆಲ್‌ಗಳಲ್ಲಿ 14 ಇಂಚಿನವೇ ಹೆಚ್ಚು, ಅದರಲ್ಲಿ ಬಲಗಡೆ ನಂಬರ್ ಪ್ಯಾಡ್ ಇರಲ್ಲ. ದಿನಕ್ಕೆ ನೂರಾರು ವೋಚರ್ ಹೊಡೆಯೋರಿಗೆ ಇದು ಮೊದಲ ದಿನವೇ ತಲೆನೋವು. ಒಂದೋ 15.6 ಇಂಚಿನದ್ದು ನೋಡಿ, ಇಲ್ಲ ಯುಎಸ್‌ಬಿ ನಂಬರ್ ಪ್ಯಾಡ್ ಒಂದನ್ನು ಬೇರೆ ತಗೊಳ್ಳಿ. ಕೆಲವು ನೂರು ರೂಪಾಯಿ ಮಾಲು. ಸ್ಕ್ರೀನ್ ಫುಲ್ ಎಚ್‌ಡಿ ಐಪಿಎಸ್ ಇರಲಿ, ಹೊಳೆಯದ ಮ್ಯಾಟ್ ಇರಲಿ. ರಸ್ತೆಗೆ ಮುಖ ಮಾಡಿದ ಅಂಗಡಿಯಲ್ಲಿ ಮಧ್ಯಾಹ್ನದ ಬೆಳಕಿಗೆ ಹೊಳೆಯೋ ಸ್ಕ್ರೀನಿನಲ್ಲಿ ಕಾಣೋದು ಎದುರಿನ ಅಂಗಡಿ ಬೋರ್ಡೇ.

ಮಾಮೂಲಿ ಚಪ್ಪಟೆ ಯುಎಸ್‌ಬಿ ಪೋರ್ಟ್ ಎಷ್ಟಿವೆ ಅಂತ ಎಣಿಸಿ. ಡಿಜಿಟಲ್ ಸಿಗ್ನೇಚರ್ ಟೋಕನ್, ಬಿಲ್ ಪ್ರಿಂಟರ್, ಬಾರ್‌ಕೋಡ್ ಸ್ಕ್ಯಾನರ್, ಮೌಸ್ ಸೇರಿ ಆಗಲೇ ನಾಲ್ಕಾಯ್ತು. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಎರಡೇ ಇರುತ್ತವೆ.

ಸ್ನ್ಯಾಪ್‌ಡ್ರ್ಯಾಗನ್ ಮತ್ತು ಎಸ್ ಮೋಡ್

ಈ ಬೆಲೆಯಲ್ಲಿ ‘ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್’ ಚಿಪ್ಪಿನ ಲ್ಯಾಪ್‌ಟಾಪ್‌ಗಳೂ ಆಫರಿನಲ್ಲಿ ಸಿಗ್ತಿವೆ. ಬ್ಯಾಟರಿ ಬಹಳ ಹೊತ್ತು ಬರುತ್ತೆ, ಹಗುರ, ಸದ್ದಿಲ್ಲ. ಆದ್ರೆ ಅದು ಇಂಟೆಲ್, ಎಎಂಡಿ ಜಾತಿಯದ್ದಲ್ಲ. ಮೊಬೈಲ್ ಫೋನಿನ ಕುಲದ ಆರ್ಮ್ ಚಿಪ್. ಸಾಫ್ಟ್‌ವೇರುಗಳನ್ನು ಹೇಗೋ ಅನುಕರಿಸಿ ಓಡಿಸುತ್ತೆ, ಡ್ರೈವರುಗಳನ್ನು ಮಾತ್ರ ಹಾಗೆ ಓಡಿಸೋಕೆ ಬರಲ್ಲ. ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಡಿಎಸ್‌ಸಿ ಟೋಕನ್, ಬೆರಳಚ್ಚು ಸಾಧನ, ಇವುಗಳ ಕಂಪನಿಯೋರು ಆರ್ಮ್‌ಗೇ ಪ್ರತ್ಯೇಕ ಡ್ರೈವರ್ ಕೊಟ್ಟಿರದಿದ್ರೆ ಸಿಕ್ಕಿಸಿದ್ರೂ ಕೆಲಸ ಮಾಡಲ್ಲ. ಕಾಲೇಜು ಮಕ್ಕಳಿಗೆ ಓಕೆ. ಡಿಎಸ್‌ಸಿ ಇಲ್ಲದೆ ಕೆಲಸವೇ ಆಗದ ಗುತ್ತಿಗೆದಾರರು, ಸೇವಾ ಕೇಂದ್ರ ನಡೆಸೋರು ಖಾತ್ರಿ ಮಾಡಿಕೊಳ್ಳದೆ ಮುಟ್ಟಬೇಡಿ.

ಕೆಲವು ಮಷೀನ್‌ಗಳು ‘ವಿಂಡೋಸ್ 11 ಹೋಮ್, ಎಸ್ ಮೋಡ್’ನಲ್ಲಿ ಬರುತ್ತವೆ. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರಿನಿಂದ ಇಳಿಸಿದ್ದು ಬಿಟ್ಟು ಬೇರೆ ಏನೂ ಇನ್‌ಸ್ಟಾಲ್ ಆಗಲ್ಲ. ಹೆದರಬೇಕಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಪುಕ್ಕಟೆಯಾಗಿ ಅದರಿಂದ ಹೊರಗೆ ಬರಬಹುದು, ವಾಪಸ್ ಹೋಗೋಕೆ ಮಾತ್ರ ಆಗಲ್ಲ. ಇದನ್ನು ಮಾಡಿಕೊಡೋಕೆ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬೇಡಿ. ‘ಡಾಸ್’ ಅಂತ ಬರೆದಿದ್ರೆ ವಿಂಡೋಸೇ ಇಲ್ಲ ಅಂತ ಅರ್ಥ, ಆ ಖರ್ಚು ಬೇರೆ ಸೇರಿಸಿ ನೋಡಿ.

‘ಎಂಎಸ್ ಆಫೀಸ್ ಫ್ರೀ’ ಅನ್ನೋದನ್ನೂ ಓದಿ ನೋಡಬೇಕು. ಕೆಲವು ಬರೀ ಒಂದು ವರ್ಷದ್ದು. ‘ಹೋಮ್ ಅಂಡ್ ಸ್ಟೂಡೆಂಟ್’ ಅಂತಿದ್ರೆ ಅದರ ಲೈಸೆನ್ಸ್ ವ್ಯಾಪಾರದ ಕೆಲಸಕ್ಕಲ್ಲ. ಕೊಟೇಶನ್, ಸ್ಟಾಕ್ ಪಟ್ಟಿ ಅಷ್ಟೇ ಆದ್ರೆ ಲಿಬ್ರೆಆಫೀಸ್ ಪೂರ್ತಿ ಉಚಿತ, ಯಾರ ಹಂಗೂ ಇಲ್ಲ.

ಅಂಗಡಿ ಹುಡುಗನ ಇಮೇಲ್‌ನಲ್ಲಿ ನಿಮ್ಮ ಲೆಕ್ಕದ ಬೀಗ

ಇದು ಗೊತ್ತಿಲ್ಲದೆ ಆಗೋ ನಷ್ಟ ಲ್ಯಾಪ್‌ಟಾಪಿನ ಬೆಲೆಗಿಂತ ದೊಡ್ಡದು. ಹೊಸ ವಿಂಡೋಸ್ 11 ಮಷೀನ್ ಮೊದಲ ಸಲ ಆನ್ ಮಾಡಿದಾಗ ಮೈಕ್ರೋಸಾಫ್ಟ್ ಅಕೌಂಟ್ ಕೇಳುತ್ತೆ. ಮಾಲೀಕರ ಹತ್ತಿರ ಇಮೇಲ್ ಪಾಸ್‌ವರ್ಡ್ ನೆನಪಿರಲ್ಲ. ‘ಇರಲಿ ಬಿಡಿ ಅಣ್ಣ, ನನ್ನದೇ ಹಾಕ್ತೀನಿ’ ಅಂತ ಡೆಲಿವರಿ ಕೊಡೋಕೆ ಬಂದೋನೋ, ಕೆಲಸದ ಹುಡುಗನೋ ತನ್ನ ಇಮೇಲ್ ಹಾಕಿ ಮುಗಿಸ್ತಾನೆ. ಕೆಟ್ಟ ಉದ್ದೇಶ ಏನೂ ಇರಲ್ಲ.

ಹೊಸ ಮಷೀನುಗಳಲ್ಲಿ ಹಾಗೆ ಲಾಗಿನ್ ಆದ ಮೇಲೆ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಬಹುದು, ಅಂದ್ರೆ ಒಳಗಿನ ಮಾಹಿತಿಗೆಲ್ಲ ಬೀಗ. ಅದರ ಕೀ 48 ಅಂಕಿಯ ಒಂದು ನಂಬರ್. ಅದು ಹೋಗಿ ಕೂರೋದು ಆ ಇಮೇಲ್ ಅಕೌಂಟಿನಲ್ಲಿ. ದಿನನಿತ್ಯ ಗೊತ್ತೇ ಆಗಲ್ಲ. ಎರಡು ವರ್ಷ ಬಿಟ್ಟು ಮದರ್‌ಬೋರ್ಡ್ ಬದಲಿಸಿದಾಗಲೋ, ಬಯೋಸ್ ಅಪ್‌ಡೇಟ್ ಆದಾಗಲೋ ನೀಲಿ ಸ್ಕ್ರೀನ್ ಬಂದು ರಿಕವರಿ ಕೀ ಕೇಳುತ್ತೆ. ಆ ಹುಡುಗ ಅಷ್ಟೊತ್ತಿಗೆ ಬೆಂಗಳೂರಲ್ಲಿ ಇರ್ತಾನೆ, ಆ ಇಮೇಲ್ ಅವನಿಗೂ ಮರೆತಿರುತ್ತೆ. ಕೀ ಇಲ್ಲ ಅಂದ್ರೆ ಆ ಡಿಸ್ಕಿನೊಳಗಿನ ಟ್ಯಾಲಿ ಡೇಟಾ, ಸಾಲದ ಪುಸ್ತಕ, ಬಿಲ್ ಯಾವುದೂ ವಾಪಸ್ ಬರಲ್ಲ. ಮೈಕ್ರೋಸಾಫ್ಟ್‌ನೋರ ಕೈಲೂ ಆಗಲ್ಲ.

ಹಾಗಾಗಿ ಮಾಲೀಕರ ಸ್ವಂತ ಇಮೇಲ್, ಸ್ವಂತ ಮೊಬೈಲ್ ನಂಬರ್ ಹಾಕಿಯೇ ಶುರು ಮಾಡಿ. ಆಮೇಲೆ ಆ ಅಕೌಂಟಿಗೆ ಹೋಗಿ ರಿಕವರಿ ಕೀ ಪ್ರಿಂಟ್ ತೆಗೆದು ಅಂಗಡಿ ಲೈಸೆನ್ಸ್ ಕಾಗದ ಇಡೋ ಜಾಗದಲ್ಲೇ ಇಡಿ. ಟ್ಯಾಲಿ ಬ್ಯಾಕಪ್ ವಾರಕ್ಕೊಮ್ಮೆಯಾದ್ರೂ ಪೆನ್‌ಡ್ರೈವಿಗೆ ಹೋಗಲಿ, ಆ ಪೆನ್‌ಡ್ರೈವ್ ಅಂಗಡಿಯಲ್ಲಿ ಬೇಡ, ಮನೆಯಲ್ಲಿರಲಿ.

ಬಿಲ್ ಯಾರ ಹೆಸರಿಗೆ?

ಲ್ಯಾಪ್‌ಟಾಪಿಗೆ ಜಿಎಸ್‌ಟಿ 18%. ರೆಗ್ಯುಲರ್ ಸ್ಕೀಮಿನಲ್ಲಿ ನೋಂದಣಿ ಇರೋ ವ್ಯಾಪಾರಿ ತನ್ನ ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ತಗೊಂಡ್ರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಡಿಯಬಹುದು. ಕಾಂಪೋಸಿಷನ್ ಸ್ಕೀಮಿನೋರಿಗೆ ಇದು ಇಲ್ಲ.

ಒಂದು ಲೆಕ್ಕ ನೋಡಿ. ಊರಿನ ಡೀಲರ್ 53,100ಕ್ಕೆ ಜಿಎಸ್‌ಟಿ ಬಿಲ್ ಸಮೇತ ಕೊಡ್ತಾರೆ. ಅದೇ ಮಾಲು ಆನ್‌ಲೈನಿನಲ್ಲಿ 48,000, ಆದ್ರೆ ಬಿಲ್ ವೈಯಕ್ತಿಕ ಹೆಸರಿಗೆ. ಮೇಲ್ನೋಟಕ್ಕೆ ಐದು ಸಾವಿರ ಉಳಿತಾಯ. ಆದ್ರೆ 53,100ರಲ್ಲಿ ಮಾಲಿನ ಬೆಲೆ 45,000, ತೆರಿಗೆ 8,100. ಆ 8,100 ಕ್ರೆಡಿಟ್ ಬಂದ್ರೆ ಊರಿನದ್ದೇ ಮೂರು ಸಾವಿರ ಅಗ್ಗ. ಆನ್‌ಲೈನಿನಲ್ಲೂ ಜಿಎಸ್‌ಟಿ ಬಿಲ್ ಸಿಗುತ್ತೆ; ಎಲ್ಲ ಮಾರಾಟಗಾರರೂ ಕೊಡಲ್ಲ, ಆರ್ಡರ್ ಮಾಡೋ ಮುಂಚೆಯೇ ನಂಬರ್ ಹಾಕಬೇಕು. ಬಿಲ್ ಜಿಎಸ್‌ಟಿಆರ್-2ಬಿಯಲ್ಲಿ ಬಂತಾ ಅಂತ ಮುಂದಿನ ತಿಂಗಳು ನೋಡಿ. ಕ್ರೆಡಿಟ್ ಹಿಡಿದ ತೆರಿಗೆ ಮೊತ್ತದ ಮೇಲೆ ಮತ್ತೆ ಡಿಪ್ರಿಸಿಯೇಷನ್ ಹಾಕೋ ಹಾಗಿಲ್ಲ, ಅದನ್ನು ಆಡಿಟರ್ ನೋಡ್ಕೊಳ್ತಾರೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ‘ವಾಣಿಜ್ಯ ಉದ್ದೇಶ’ಕ್ಕೆ ಕೊಂಡೋರು ಗ್ರಾಹಕರಲ್ಲ. ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡಿಗೆ ಅಂತ ತಾನೇ ಬಳಸೋಕೆ ಕೊಂಡೋರಿಗೆ ಮಾತ್ರ ವಿನಾಯಿತಿ. ಫರ್ಮ್ ಹೆಸರಿನ ಬಿಲ್ ಇಟ್ಟುಕೊಂಡು ಗ್ರಾಹಕರ ಆಯೋಗಕ್ಕೆ ಹೋದ್ರೆ ಎದುರು ಕಡೆಯ ವಕೀಲರು ಈ ಮಾತು ಎತ್ತಬಹುದು. ಒಬ್ಬರೇ ನಡೆಸೋ ಸಣ್ಣ ಅಂಗಡಿಯೋರಿಗೆ ಉತ್ತರ ಇದೆ, ದೊಡ್ಡ ಫರ್ಮಿಗೆ ಕಷ್ಟ. ಗ್ರಾಹಕರೇ ಅಂತ ಆದ್ರೆ ತುಮಕೂರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ಮಾರಿದೋರು ದೆಹಲಿಯಲ್ಲಿದ್ದರೂ ಸರಿ. 5 ಲಕ್ಷದೊಳಗಿನ ಮಾಲಿಗೆ ಶುಲ್ಕ ಇಲ್ಲ. ಅದಕ್ಕೂ ಮುಂಚೆ 1915 ಸಹಾಯವಾಣಿಗೆ ಫೋನ್ ಮಾಡಿ ನೋಡಬಹುದು.

ವಾರಂಟಿ, ಕರೆಂಟ್

‘ಒಂದು ವರ್ಷ ವಾರಂಟಿ’ ಅಂದ್ರೆ ಅವರು ಬರ್ತಾರಾ, ನಾವು ಹೋಗಬೇಕಾ? ಆನ್‌ಸೈಟ್ ಅಂದ್ರೆ ಇಂಜಿನಿಯರ್ ಅಂಗಡಿಗೇ ಬರ್ತಾರೆ. ಕ್ಯಾರಿ-ಇನ್ ಅಂದ್ರೆ ಸರ್ವಿಸ್ ಸೆಂಟರಿಗೆ ಹೊತ್ತೊಯ್ಯಬೇಕು, ಮತ್ತೆ ತರೋಕೆ ಹೋಗಬೇಕು. ಎರಡು ದಿನ ಅಂಗಡಿ ಬಿಟ್ಟು ತುಮಕೂರು, ಬೆಂಗಳೂರು ಅಂತ ಅಲೆಯೋ ಖರ್ಚು ಲೆಕ್ಕ ಹಾಕಿದ್ರೆ ಆನ್‌ಸೈಟಿಗೆ ಎರಡು ಸಾವಿರ ಹೆಚ್ಚು ಕೊಡೋದು ಭಾರ ಅನ್ಸಲ್ಲ. ಆನ್‌ಸೈಟ್ ನಿಮ್ಮ ಪಿನ್‌ಕೋಡಿಗೂ ಉಂಟಾ ಅಂತ ಕಂಪನಿಯ ಸಹಾಯವಾಣಿಗೆ ಕೇಳಿ. ಮಾಲು ಬಂದ ದಿನವೇ ಕೆಳಗಿನ ಸೀರಿಯಲ್ ನಂಬರ್ ಕಂಪನಿ ಸೈಟಿನಲ್ಲಿ ಹಾಕಿ. ವಾರಂಟಿ ಆಗಲೇ ನಾಲ್ಕು ತಿಂಗಳ ಹಿಂದೆ ಶುರುವಾಗಿದ್ರೆ ಬಿಲ್ ಕಳಿಸಿ ತಾರೀಕು ಸರಿ ಮಾಡಿಸಿಕೊಳ್ಳಿ. ಡಬ್ಬ ಬಿಚ್ಚೋವಾಗ ಒಂದೇ ಉಸಿರಿಗೆ ವಿಡಿಯೋ ಮಾಡೋದು ಮರೀಬೇಡಿ.

ಕರೆಂಟ್ ಹೋದ್ರೂ ಬಿಲ್ಲಿಂಗ್ ನಿಲ್ಲಲ್ಲ ಅನ್ನೋದೇ ಲ್ಯಾಪ್‌ಟಾಪಿನ ದೊಡ್ಡ ಲಾಭ. ಆದ್ರೆ ದಿನವಿಡೀ ಚಾರ್ಜರ್ ಸಿಕ್ಕಿಸಿಯೇ ಇಟ್ರೆ ಬ್ಯಾಟರಿ ಬೇಗ ಸಾಯುತ್ತೆ, ಕೆಲವು ಸಲ ಊದಿಕೊಂಡು ಟಚ್‌ಪ್ಯಾಡನ್ನೇ ಮೇಲೆತ್ತುತ್ತೆ. ಬಹಳಷ್ಟು ಕಂಪನಿಗಳ ಆ್ಯಪ್‌ನಲ್ಲಿ 80%ಗೆ ಚಾರ್ಜ್ ನಿಲ್ಲಿಸೋ ಆಯ್ಕೆ ಇದೆ, ಹಾಕಿಡಿ. ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಕೈ ಜುಂ ಅಂದ್ರೆ ಅಂಗಡಿಯ ಅರ್ಥಿಂಗ್ ಸರಿಯಿಲ್ಲದಿರೋ ಸಾಧ್ಯತೆಯೇ ಹೆಚ್ಚು. ಚಾರ್ಜರಿನ ಮೂರನೇ ಪಿನ್ ಮುರಿದು ಎರಡು ಪಿನ್ ಸಾಕೆಟ್ಟಿಗೆ ಹಾಕೋ ಅಭ್ಯಾಸ ಬಿಡಬೇಕು.

ಸೆಕೆಂಡ್ ಹ್ಯಾಂಡ್ ಆಗುತ್ತಾ?

ಆಗುತ್ತೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಂಪನಿಗಳು ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ಹೊಸದರ ಅರ್ಧಕ್ಕಿಂತ ಕಡಿಮೆಗೆ ಸಿಗ್ತವೆ, ಗಟ್ಟಿಯೂ ಇರ್ತವೆ. ನೋಡಬೇಕಾದ್ದು, ಇಂಟೆಲ್ 8ನೇ ತಲೆಮಾರು ಅಥವಾ ಅದಕ್ಕೂ ಹೊಸದಾ ಅನ್ನೋದು. ಅದಕ್ಕಿಂತ ಹಳೇದಕ್ಕೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಅಂಗಡಿಯಲ್ಲೇ ವಿಂಡೋಸ್ ರೀಸೆಟ್ ಮಾಡಿಸಿ ನೋಡಿ. ಹಳೇ ಕಂಪನಿಯ ಹೆಸರು, ಲಾಗಿನ್ ಕೇಳಿದ್ರೆ ಆ ಮಷೀನ್ ಇನ್ನೂ ಅವರ ಹಿಡಿತದಲ್ಲೇ ಇದೆ ಅಂತ ಅರ್ಥ. ಬಯೋಸ್ ಪಾಸ್‌ವರ್ಡ್ ಇದ್ರೂ ಅಷ್ಟೆ. ಬಿಲ್ ಕೊಡಲ್ಲ ಅಂದ್ರೆ ಎದ್ದು ಬನ್ನಿ.

ಹಳೇದನ್ನು ಎಕ್ಸ್‌ಚೇಂಜ್ ಕೊಡೋ ಮುಂಚೆ

ಟ್ಯಾಲಿಪ್ರೈಮ್ ಲೈಸೆನ್ಸ್ ಹಳೇ ಮಷೀನಿನಲ್ಲಿ ಆ್ಯಕ್ಟಿವ್ ಆಗಿರುತ್ತೆ. ಅದನ್ನು ಅಲ್ಲೇ ‘ಸರೆಂಡರ್’ ಮಾಡಿ, ಆಮೇಲೆ ಹೊಸದರಲ್ಲಿ ಆ್ಯಕ್ಟಿವೇಟ್ ಮಾಡಬೇಕು. ಮೊದಲು ಡೇಟಾ ಬ್ಯಾಕಪ್ ತೆಗೆದು, ಹೊಸ ಮಷೀನಿನಲ್ಲಿ ತೆರೆದು, ಬ್ಯಾಲೆನ್ಸ್ ಶೀಟ್ ಎರಡೂ ಕಡೆ ಒಂದೇ ಬರುತ್ತಾ ಅಂತ ತಾಳೆ ನೋಡಿ. ಬ್ರೌಸರಿನಲ್ಲಿ ಉಳಿಸಿರೋ ಬ್ಯಾಂಕ್ ಪಾಸ್‌ವರ್ಡ್, ಡೌನ್‌ಲೋಡ್ ಫೋಲ್ಡರಿನಲ್ಲಿರೋ ಗಿರಾಕಿಗಳ ಆಧಾರ್ ಕಾಪಿ ಬರೀ ಡಿಲೀಟ್ ಒತ್ತಿದ್ರೆ ಹೋಗಲ್ಲ. ವಿಂಡೋಸ್ ರೀಸೆಟ್‌ನಲ್ಲಿ ‘ಡ್ರೈವ್ ಕ್ಲೀನ್’ ಅನ್ನೋ ಆಯ್ಕೆ ಹಾಕಿ. ಹಳೇ ಹಾರ್ಡ್ ಡಿಸ್ಕ್ ಆದ್ರೆ ಗಂಟೆಗಟ್ಟಲೆ ಹಿಡಿಯುತ್ತೆ, ರಾತ್ರಿ ಹಾಕಿ ಮಲಗಿ. ಎಕ್ಸ್‌ಚೇಂಜಿಗೆ ಬರೋರು ಹೊಸ ಮಾಲು ಕೊಟ್ಟ ಕೈಯಲ್ಲೇ ಹಳೇದನ್ನು ಕೇಳ್ತಾರೆ, ಆಗ ತಾಳೆ ನೋಡೋಕೆ ಪುರುಸೊತ್ತು ಸಿಗಲ್ಲ. ಎಂಟು ವರ್ಷದ ಮಷೀನಿಗೆ ಅವರು ಕೊಡೋದು ಎರಡು ಮೂರು ಸಾವಿರ ಅಷ್ಟೇ ಆದ್ರೆ, ಈ ವರ್ಷದ ಲೆಕ್ಕ ಮುಗಿದು ರಿಟರ್ನ್ ಹಾಕೋ ತನಕ ಅದನ್ನು ಇಂಟರ್ನೆಟ್ ತೆಗೆದು ಬೀರುವಿನಲ್ಲಿ ಇಟ್ಟುಕೊಳ್ಳೋದೇ ಮೇಲು.